ಯಾರ ಕರೆಂಟು

ಉತುಆದೊ, ಪೋರ್ಟೊ ರಿಕೊ
ನವೆಂಬರ್ ೧೨, ೨೦೧೭

ಪ್ರೀತಿಯ ಎಫ್ರಾಯಿನ್ ಅಣ್ಣನಿಗೆ,

ಒರ್ಲಾಂಡೊದಿಂದ ನೀನು ಬರೆದ ಪತ್ರ ತಲುಪಿತು. ಅಮೆರಿಕದ ಅಧೀನ ಪ್ರದೇಶವಾಗಿದ್ದು ಸಾಕು, ನಮ್ಮ ದ್ವೀಪವನ್ನು ಅದರ ಪೂರ್ಣ ರಾಜ್ಯ ಮಾಡಿ ಎಂದು ಕೇಳುವ ನಿಮ್ಮ ಸಭೆಗೆ ಅಪ್ಪನ ಫೋಟೊ ಬೇಕಂತೆ. "ರಾಜ್ಯವಾಗಿದ್ದರೆ ಇವರು ಬದುಕಿರುತ್ತಿದ್ದರು" ಎಂದು ಕೆಳಗೆ ಬರೆಸುತ್ತೀಯಂತೆ. ಫೋಟೊ ಇದರ ಜೊತೆಗಿದೆ.

ಚಂಡಮಾರುತಕ್ಕೆ ಕಂಬಗಳೆಲ್ಲ ಉರುಳಿ ಅಪ್ಪನ ಆಮ್ಲಜನಕದ ಯಂತ್ರ ನಿಂತಾಗ, ಪಕ್ಕದ ಮನೆಯ ದೋನ್ ಹೆರ್ಮಿನಿಯೊ ತಮ್ಮ ಜನರೇಟರಿನಿಂದ ಬೇಲಿಯ ಮೇಲೆ ವೈರು ಎಳೆದುಕೊಟ್ಟರು. ಅವರು ಅಮೆರಿಕದಿಂದ ಸ್ವಾತಂತ್ರ್ಯ ಬೇಕೆನ್ನುವ ಪಕ್ಷದವರೆಂದು ಅಪ್ಪ ಮೂವತ್ತು ವರ್ಷ ಅವರ ಜೊತೆ ಮಾತು ಬಿಟ್ಟಿದ್ದು ನಿನಗೆ ಗೊತ್ತು.

"ಯಾರ ಕರೆಂಟೇ ಇದು?"

"ಸರ್ಕಾರದ್ದು ಅಪ್ಪಾ," ಅಂದೆ.

"ನೋಡಿದ್ಯಾ? ನಾವು ಅಮೆರಿಕದ ಪ್ರಜೆಗಳು ಕಣೇ. ಅವ್ರು ಕೈ ಬಿಡ್ತಾರಾ?"

ಹನ್ನೊಂದು ದಿನ ಆ ಹೆಮ್ಮೆಯಲ್ಲೇ ಉಸಿರಾಡಿದರು. ಹನ್ನೆರಡನೆಯ ದಿನ ನಿನ್ನ ಫೋನು ಬಂತು. "ನಿಮ್ಮ ಬೆಟ್ಟಕ್ಕೆ ಸರ್ಕಾರ ಇನ್ನೂ ಆರು ತಿಂಗಳು ಕರೆಂಟು ಕೊಡಲ್ಲ ಅಪ್ಪಾ, ಅದಕ್ಕೇ ನಾವು ರಾಜ್ಯ ಆಗ್ಬೇಕು," ಅಂದೆ ನೀನು.

ಅಪ್ಪ ವೈರಿನುದ್ದಕ್ಕೂ ಕಣ್ಣು ಹಾಯಿಸಿದರು. ಅದು ಕಿಟಕಿ ದಾಟಿ, ಬೇಲಿ ದಾಟಿ, ದೋನ್ ಹೆರ್ಮಿನಿಯೊ ಮನೆಯ ಮೇಲಿನ ಅವರ ಪಕ್ಷದ ಹಸಿರು ಬಾವುಟದ ಕೆಳಗೆ ಹೋಗಿತ್ತು. ನಾನು ಕಾಫಿ ತರಲು ಒಳಗೆ ಹೋದೆ. ಬಂದಾಗ ಯಂತ್ರ ಇನ್ನೂ ಓಡುತ್ತಿತ್ತು. ಮೂಗಿನ ಕೊಳವೆಯನ್ನು ಅಪ್ಪ ಕಿತ್ತು ನೆಲಕ್ಕೆ ಎಸೆದಿದ್ದರು.

ಶವಪೆಟ್ಟಿಗೆಗೆ ಮೊದಲು ಹೆಗಲು ಕೊಟ್ಟವರು ದೋನ್ ಹೆರ್ಮಿನಿಯೊ. ಅವರಿಗೆ ನಾನು ಏನೂ ಹೇಳಿಲ್ಲ. ನೀನೂ ಹೇಳಬೇಡ.

ಫೋಟೊದಲ್ಲಿ ಅಪ್ಪ ನಗುತ್ತಿದ್ದಾರೆ, ಕೊಳವೆ ಕಾಣುತ್ತದೆ. ಅದನ್ನು ಕತ್ತರಿಸಬೇಡ. ಕೆಳಗಿನ ಸಾಲನ್ನು ಮಾತ್ರ ಬದಲಿಸು: "ಮಗ ಫೋನ್ ಮಾಡದಿದ್ದರೆ ಇವರು ಬದುಕಿರುತ್ತಿದ್ದರು."

ನಿನ್ನ ತಂಗಿ,
ನೆರೈದಾ