ಯಾರೂ ಕುಣಿಯಬಾರದು

ಬಾಡಿಗೆ ಮನೆ, ಅಡುಗೆಮನೆಯ ಮೇಜು
ಮಾರ್ಚ್ ೧೪, ಶನಿವಾರ ಬೆಳಿಗ್ಗೆ

ಪ್ರೀತಿಯ ಇಂಜಿನ್ ರಾಯರಿಗೆ,

ಹೇಗಿದ್ದೀರಿ? ಸೊಂಟನೋವು ಹೇಗಿದೆ? ಹಡಗಿನ ಇಂಜಿನ್ನಿಗೆ ಹೊತ್ತುಹೊತ್ತಿಗೆ ಎಣ್ಣೆ ಹಾಕುವ ನೀವು ನಿಮ್ಮ ಸೊಂಟಕ್ಕೂ ಒಂದಿಷ್ಟು ಹಚ್ಚಿಕೊಳ್ಳುತ್ತೀರೋ ಇಲ್ಲವೋ ಎಂಬುದೇ ನನ್ನ ಚಿಂತೆ. ನಾನು ಚೆನ್ನಾಗಿದ್ದೇನೆ. ಹೊಟ್ಟೆ ತುಂಬ ತಿನ್ನುತ್ತಿದ್ದೇನೆ, ಹೊತ್ತಿಗೆ ಸರಿಯಾಗಿ ಮಲಗುತ್ತಿದ್ದೇನೆ, ನಂಬಿದರೆ ನಂಬಿ. ಮಾತಿನ ನಡುವೆಯೇ ಕಡಿದುಹೋಗುವ ಆ ಹಡಗಿನ ಫೋನಿನಲ್ಲಿ, ನಿಮ್ಮ ಹಿಂದೆ ಸರದಿಗೆ ನಿಂತವರೆಲ್ಲ ಕಿವಿಗೊಟ್ಟಿರುವಾಗ ಹೇಳುವ ಸುದ್ದಿಯಲ್ಲ ಇದು. ಅದಕ್ಕೇ ಕಾಗದ. ಮುಂದಿನ ಬಂದರಿನಲ್ಲಿ ನಿಮಗಾಗಿ ಕಾಯುತ್ತಿರುತ್ತದೆ.

ಸಿಕ್ಕಿತು ಕಣ್ರೀ, ಎಲೆಕ್ಟ್ರಾನ್ ಸಿಕ್ಕಿತು. ‘ದಿನಾ ಬಲೆ ಬೀಸ್ತೀರಿ, ದಿನಾ ಬುಟ್ಟಿ ಖಾಲಿ’ ಎಂದು ನಮ್ಮ ಪ್ರಯೋಗಾಲಯದವರನ್ನೆಲ್ಲ ಆಡಿಕೊಳ್ಳುತ್ತಿದ್ದಿರಲ್ಲ, ಇನ್ನು ಬಾಯಿ ಮುಚ್ಚಿಕೊಳ್ಳಿ. ನಮಗೆ ಬೇಕಾಗಿದ್ದದ್ದು ಇಷ್ಟೇ: ಅಣುವಿನ ಈ ತುದಿಯಿಂದ ಆ ತುದಿಗೆ ಎಲೆಕ್ಟ್ರಾನ್ ಓಡುವುದನ್ನು ನೋಡಬೇಕು. ನಾವು ರೆಪ್ಪೆ ಬಡಿಯುವಷ್ಟರಲ್ಲಿ ಅದು ಲೆಕ್ಕವಿಲ್ಲದಷ್ಟು ಸಲ ಹೋಗಿ ಬಂದಿರುತ್ತದೆ. ಹಾಗಾಗಿ ಅಷ್ಟೇ ಚುರುಕಾದ ಎರಡು ಲೇಸರ್ ಮಿಂಚು ಬೇಕು. ಮೊದಲನೆಯದು ಅದನ್ನು ತಟ್ಟಿ ಎಬ್ಬಿಸುತ್ತದೆ, ಬೆನ್ನ ಹಿಂದೆಯೇ ಬರುವ ಎರಡನೆಯದು ಎಲ್ಲಿಗೆ ತಲುಪಿದೆ ಎಂದು ನೋಡುತ್ತದೆ. ಎರಡರ ನಡುವಿನ ಅಂತರವನ್ನು ಚೂರುಚೂರೇ ಹೆಚ್ಚಿಸುತ್ತ ಹೋದರೆ ಇಡೀ ಓಟ ಪರದೆಯ ಮೇಲೆ ಅಲೆಅಲೆಯಾದ ಗೆರೆಯಾಗಿ ಮೂಡುತ್ತದೆ. ಆ ಅಂತರ ಇರುವುದು ಒಂದು ಪುಟ್ಟ ಕನ್ನಡಿಯ ಕೈಯಲ್ಲಿ. ಅದು ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲು ತಪ್ಪಿ ಸರಿದರೂ ಎಲ್ಲ ಕಲಸುಮೇಲೋಗರ. ಆದ್ದರಿಂದ ನಮ್ಮ ಕೋಣೆಯಲ್ಲಿ ಬಾಗಿಲು ಬಡಿಯುವಂತಿಲ್ಲ, ಕುರ್ಚಿ ಎಳೆಯುವಂತಿಲ್ಲ, ಸೀನು ಬಂದರೆ ಮೂಗು ಹಿಡಿದುಕೊಂಡು ಹೊರಗೆ ಓಡಬೇಕು.

ಶುಕ್ರವಾರ ಸಂಜೆಯೊಳಗೆ ಗೆರೆ ಸಿಗದಿದ್ದರೆ ಲೇಸರ್ ಯಂತ್ರ ಪಕ್ಕದ ತಂಡದ ಪಾಲಾಗುತ್ತಿತ್ತು. ನಮ್ಮ ಸರದಿ ಮತ್ತೆ ಬರುವ ಹೊತ್ತಿಗೆ ನಮ್ಮ ತಂಡದ ಯಜಮಾನರಾದ ಮೇಷ್ಟ್ರು ನಿವೃತ್ತರಾಗಿ ಮನೆ ಸೇರಿರುತ್ತಿದ್ದರು. ಪಾಪ, ತಲೆಗೂದಲು ಕಪ್ಪಗಿದ್ದಾಗಿನಿಂದ ಇದರ ಬೆನ್ನು ಹತ್ತಿದವರು ಅವರು. ಬುಧವಾರ ಅರ್ಧ ಅಳತೆ ಮುಗಿದಿತ್ತು. ನೋಡುತ್ತಿದ್ದಂತೆ ಪರದೆಯ ಮೇಲೆ ಒಂದು ಅಲೆ, ಅದರ ಪಕ್ಕ ಇನ್ನೊಂದು. ನಮ್ಮ ವಿದ್ಯಾರ್ಥಿ ಉದ್ದಣ್ಣ ಗೊತ್ತಲ್ಲ, ಎಲ್ಲ ಬಾಗಿಲಿಗೂ ತಲೆ ಬಗ್ಗಿಸುವವನು? ಅವನು ಹೋ ಎಂದು ನೆಗೆದ. ಮೆಟ್ಟಿಲು ಹತ್ತಲು ಕೈ ಹಿಡಿಯಬೇಕಾದ ಮೇಷ್ಟ್ರು ಕೂಡ ಎದ್ದು ಥೈಥೈ ಕುಣಿದರು. ನೆಲ ನಡುಗಿತು, ಕನ್ನಡಿ ನಡುಗಿತು, ಗೆರೆ ಕೋಳಿ ಕೆದರಿದ ಹಾಗಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎಲೆಕ್ಟ್ರಾನನ್ನು ಓಡಿಸಿದವರು ಬೇರೆ ಯಾರೂ ಅಲ್ಲ, ನಾವೇ.

ಎಲ್ಲ ಕನ್ನಡಿಗಳನ್ನೂ ಮೊದಲಿನಿಂದ ಹೊಂದಿಸಲು ಗುರುವಾರವಿಡೀ ಹಿಡಿಯಿತು. ಮೇಷ್ಟ್ರು ಯಾರನ್ನೂ ಬೈಯಲಿಲ್ಲ. ಬೈಯುವ ಹಾಗೆಲ್ಲಿತ್ತು? ‘ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ವಿ. ಇನ್ಮೇಲೆ ಯಾರೂ ಕುಣಿಯೋ ಹಾಗಿಲ್ಲ, ಖುಷಿಯಾದ್ರೆ ಕುರ್ಚಿ ಗಟ್ಟಿಯಾಗಿ ಹಿಡ್ಕೊಳ್ಳಿ’ ಎಂದರು. ಆ ಗಾದೆ ನನಗೆ ಚುರುಕ್ಕೆಂದಿತು. ಹೋದ ವರ್ಷ ನಾವಿಬ್ಬರೂ ಊರಿಗೆಲ್ಲ ಸುದ್ದಿ ಸಾರಿ, ನಿಜವಾಗಿಯೂ ಕುಲಾವಿ ಕೊಂಡು ತಂದು, ಆಮೇಲೆ ಅದನ್ನು ಪೆಟ್ಟಿಗೆಯ ತಳದಲ್ಲಿಟ್ಟದ್ದು ಅವರಿಗೇನು ಗೊತ್ತು. ಅಷ್ಟರಲ್ಲಿ ಅವರು ನನ್ನತ್ತ ಕೈ ತೋರಿಸಿ, ‘ಅವಳನ್ನ ನೋಡಿ ಕಲೀರಿ. ಅವಳೊಬ್ಬಳಿಗೆ ಬುದ್ಧಿ ಇತ್ತು, ಕೂತ ಜಾಗದಿಂದ ಏಳಲಿಲ್ಲ’ ಎಂದರು. ನಮ್ಮ ಮದುವೆಯಲ್ಲಿ ನಾನು ಕುಣಿದದ್ದನ್ನು ಕಂಡ ಉದ್ದಣ್ಣ ನನ್ನನ್ನೇ ಅನುಮಾನದಿಂದ ನೋಡಿದ. ನಾನು ಗಂಭೀರವಾಗಿ ತಲೆಯಾಡಿಸಿ ಹೊಗಳಿಕೆಯನ್ನು ಜೇಬಿಗಿಳಿಸಿದೆ.

ನಿನ್ನೆ ಮಧ್ಯಾಹ್ನ ಗೆರೆ ಮತ್ತೆ ಮೂಡಿತು. ಅಲೆಯ ಮೇಲೆ ಅಲೆ. ನಾವು ಮೂವರೂ ಕುರ್ಚಿಯ ಕೈ ಹಿಡಿದು ಕಲ್ಲಾಗಿ ಕುಳಿತೆವು. ಮೇಷ್ಟ್ರ ಕಣ್ಣೀರು ಗಡ್ಡಕ್ಕಿಳಿಯಿತು, ಒರೆಸಿಕೊಳ್ಳಲಿಲ್ಲ. ಅಳತೆ ಮುಗಿದು, ಎಲ್ಲ ಕಂಪ್ಯೂಟರಿನಲ್ಲಿ ಭದ್ರವಾದ ಮೇಲೆ ಬೆಕ್ಕಿನ ಹೆಜ್ಜೆಯಿಟ್ಟು ಹೊರಗೆ ಬಂದು, ಕಾರು ನಿಲ್ಲಿಸುವ ಜಾಗದಲ್ಲಿ ಅವರಿಬ್ಬರೂ ಹುಚ್ಚೆದ್ದು ಕುಣಿದರು. ಕಾವಲುಗಾರನೂ ಏನು ಎತ್ತ ಕೇಳದೆ ಸೇರಿಕೊಂಡ. ನಾನು ಗೋಡೆಗೊರಗಿ ಚಪ್ಪಾಳೆ ಹಾಕಿದೆ. ಇಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಮಹಡಿಯ ಟೀಚರಮ್ಮ ನಿಮ್ಮನ್ನು ಕೇಳಿದರು. ಬಿಸಿಲಿನಲ್ಲಿ ಟೋಪಿ ಹಾಕಿಕೊಳ್ಳಿ, ಇಂಜಿನ್ನಿನ ಮೇಲಿರುವ ಪ್ರೀತಿಯಲ್ಲಿ ಕಾಲು ಭಾಗ ನಿಮ್ಮ ಮೇಲೂ ಇರಲಿ.

ನಿಮ್ಮವಳೇ ಆದ
ಮಿಂಚುಳ್ಳಿ

ತಾ.ಕ.: ಅಂಚೆಯವನು ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಾನು ಕುಣಿಯದೆ ಇದ್ದದ್ದು ಬುದ್ಧಿಯಿಂದಲ್ಲ. ‘ಕುಣಿಯೋದು ನೆಗೆಯೋದು ಸದ್ಯಕ್ಕೆ ಬೇಡಮ್ಮ’ ಎಂದು ಡಾಕ್ಟರ್ ಹೇಳಿದ್ದಾರೆ. ಹೋದ ಸಲ ಕೈತಪ್ಪಿದ ತಿಂಗಳು ದಾಟಿದೆ. ದಾಟಲಿ ಎಂದೇ ಇಷ್ಟು ದಿನ ನಿಮಗೂ ಹೇಳದೆ ತಡೆದುಕೊಂಡೆ. ನಿನ್ನೆ ಸಂಜೆ ಕೂಸಿನ ಎದೆಬಡಿತ ಕೇಳಿಸಿದರು, ನಿಮ್ಮ ಇಂಜಿನ್ನಿನ ಹಾಗೇ ದಡದಡ ಓಡುತ್ತಿದೆ. ಕುಲಾವಿಯನ್ನು ಇನ್ನೂ ಪೆಟ್ಟಿಗೆಯಿಂದ ತೆಗೆದಿಲ್ಲ. ನಿಂತು ಓದುತ್ತಿದ್ದರೆ ಮೊದಲು ಕುಳಿತುಕೊಳ್ಳಿ, ಕುರ್ಚಿ ಹಿಡಿದುಕೊಳ್ಳಿ. ಆಮೇಲೆ ಡೆಕ್ಕಿಗೆ ಹತ್ತಿ ನನ್ನ ಪಾಲಿನದನ್ನೂ ಸೇರಿಸಿ ಕುಣಿದುಬಿಡಿ. ಹಡಗು ತಡೆದುಕೊಳ್ಳುತ್ತದೆ.