ಅದಲು ಬದಲಾದ ಎಂಜಲಿನ ಡಬ್ಬಿ

ರೀ,

ಅತ್ತೆಯನ್ನು ಕರೆದುಕೊಂಡು ನಿಮ್ಮ ತಂಗಿಯ ಮನೆಗೆ ಹೊರಟಿದ್ದೇನೆ. ಅಡುಗೆ ಮಾಡಿಲ್ಲ, ಮಾಡುವ ಮನಸ್ಸೂ ಇಲ್ಲ.

ವಂಶವೃಕ್ಷ ಬರೆಯುತ್ತೇನೆಂದು ನಮ್ಮ ಮೂವರ ಎಂಜಲನ್ನೂ ಡಿಎನ್‌ಎ ಪರೀಕ್ಷೆಗೆ ಕಳಿಸಿದಿರಿ, ಸರಿ. ನಿಮಗೂ ಅತ್ತೆಗೂ ರಕ್ತಸಂಬಂಧವೇ ಇಲ್ಲವೆಂದು ಬಂದದ್ದೇ ತಡ, ಹಿಂದೆ ಮುಂದೆ ನೋಡದೆ ಹೆತ್ತವಳ ಮುಂದೆ ನಿಂತು "ನಿಜ ಹೇಳು, ನಾನ್ಯಾರ ಮಗ?" ಅಂದಿರಲ್ಲ, ಬಾಯಾದರೂ ಹೇಗೆ ಬಂತು ನಿಮಗೆ? ನಿನ್ನೆಯೆಲ್ಲ ಅವರು ಹನಿ ನೀರೂ ಮುಟ್ಟಲಿಲ್ಲ.

ಈಗಲಾದರೂ ಕಂಪ್ಯೂಟರ್ ತೆರೆದು ನಿಮ್ಮ ಹೆಸರಿನ ವರದಿಯ ಮೊದಲ ಸಾಲು ಓದಿ. "ಹೆಣ್ಣು" ಎಂದಿದೆ. ನನ್ನದರಲ್ಲಿ "ಗಂಡು", ಜೊತೆಗೆ ಅತ್ತೆಯ ಸಂತಾನ ಅಂತಲೂ ಇದೆ. ಫೋನಿನಲ್ಲಿ ಹರಟುತ್ತಾ ಲೇಬಲ್ ಅಂಟಿಸಬೇಡಿ ಅಂತ ಅವತ್ತೇ ಬಡಕೊಂಡೆ. ನನ್ನ ಡಬ್ಬಿಗೆ ನಿಮ್ಮ ಹೆಸರು, ನಿಮ್ಮದಕ್ಕೆ ನನ್ನ ಹೆಸರು!

ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಿದ ಆ ವರದಿಯನ್ನು ಮೊದಲು ಅಳಿಸಿ. ಆಮೇಲೆ ಬಂದು ಅತ್ತೆಯ ಕಾಲಿಗೆ ಬೀಳಿ.

ಬೆಳಿಗ್ಗೆ ಎಲ್ಲ ತೋರಿಸಿದಾಗ ಅವರು ಕಣ್ಣೊರೆಸಿಕೊಂಡು, "ಇದರ ಪ್ರಕಾರ ನೀನು ನನ್ನ ಮಗಳು, ಅವನು ಅಳಿಯ. ಬುದ್ಧಿ ಬರೋ ತನಕ ಹಾಗೇ ಇರಲಿ ಬಿಡು" ಅಂದರು.

ಆದ್ದರಿಂದ ಅಳಿಯಂದಿರೇ, ಬಾಗಿಲು ತಟ್ಟಿ ಹೊರಗೇ ನಿಂತಿರಿ. ಅತ್ತೆ ಕರೆದರೆ ಮಾತ್ರ ಒಳಗೆ ಬನ್ನಿ.