ಕಾಲು ತಗುಲಿದ ಮೇಲೆ

೧೨ ಜೂನ್ ೨೦೨೫, ಗುರುವಾರ, ಸಾಗರ

ಬಲ ಮೊಣಕೈ ಇನ್ನೂ ಚಳಕ್ ಎನ್ನುತ್ತಿದೆ, ಬರೆಯುವುದೂ ಕಷ್ಟ. ಆದರೂ ಮೇಘನಾಳನ್ನು ಬೈಯುವ ಹಾಗಿಲ್ಲ.

ಬ್ರೆಜಿಲಿನ ಜಿಯು-ಜಿಟ್ಸು ಕಲಿಯಲು ಸೇರಿ ಇದು ಎರಡನೇ ವಾರ. ವಿಚಿತ್ರ ಕುಸ್ತಿ. ಅಂಗಾತ ಮಲಗಿ, ಎದುರಿನವರನ್ನು ಕಾಲುಗಳಿಂದಲೇ ಕಟ್ಟಿಹಾಕಬೇಕು. ಸೋತರೆ ಅವರ ಮೈ ತಟ್ಟಬೇಕು, ತಕ್ಷಣ ಬಿಡುತ್ತಾರೆ. ನನ್ನ ಜೋಡಿ ಆನಂದಪುರದ ಹುಡುಗಿ ಮೇಘನಾ. ಅವಳಿಗೆ ನನ್ನ ಕಾಲು ತಗುಲಿದಾಗಲೆಲ್ಲ ಕೈ ತಾನಾಗಿ ಅವಳ ಭುಜ ಮುಟ್ಟಿ ನನ್ನ ಕಣ್ಣಿಗೆ ಬರುತ್ತದೆ. ಸೋತೆನೆಂದುಕೊಂಡು ಅವಳು ಬಿಟ್ಟುಬಿಡುತ್ತಿದ್ದಳು.

"ನಮಸ್ಕಾರ ಆಮೇಲ್ ಮಾಡಿ ಮಾರಾಯ್ರೆ, ಮೊದ್ಲು ಕಾಲು ಹಾಕಿ" ಎಂದು ಕಲಿಸುವ ದೀಪಕ್ ನಗುತ್ತಲೇ ಇದ್ದರು. ಈ ಕೈಗೆ ಇದನ್ನು ಯಾರು, ಯಾವಾಗ ಕಲಿಸಿದರೋ? ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಇವತ್ತು ಮೇಘನಾ ನನ್ನ ತೋಳು ಹಿಡಿದು, ಮುಖದ ಮೇಲೆ ಕಾಲು ಅಡ್ಡ ಹಾಕಿ ಎಳೆದಳು. ತಟ್ಟಿದೆ. ಬಿಡಲಿಲ್ಲ. ಕಿರುಚಿದೆ.

"ಅಯ್ಯೋ, ನಮಸ್ಕಾರ ಮಾಡ್ತಿದೀರಿ ಅಂದ್ಕಂಡೆ ಅಕ್ಕಾ!"

ನೋವಿನಲ್ಲೂ ನಗು ಬಂತು. ಎದ್ದು ಕೂತಾಗ ನೋಡುತ್ತೇನೆ, ಅವಳೂ ನನ್ನ ಭುಜ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಾಳೆ. ಮುಖದ ಮೇಲೇ ಕಾಲು ಹಾಕಿದ್ದಳಲ್ಲ.